ಮೂಲಪಾಠದ ಬೆಲೆ

ಹಂದನಕೆರೆಯನ್ನು ಒಳಗೊಂಡ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟದಲ್ಲಿ ಪ್ರಕಟಿಸಿದರು. ತಮ್ಮ ನಿರ್ಣಯಗಳೊಡನೆ ಮೂಲಪಾಠವನ್ನೂ ಅನುವಾದವನ್ನೂ ಕೊಟ್ಟರು. ಆದುದರಿಂದಲೇ ಅವರ ಓದನ್ನು ಮುಂದಿನ ವಿದ್ವಾಂಸರು ಪರೀಕ್ಷಿಸಿ ತಿದ್ದಲು ಸಾಧ್ಯವಾಯಿತು.

ಇಂದಿನ ಸಂಶೋಧನೆಗೂ ಇದೇ ನ್ಯಾಯ. ಆ ಸೀಮೆಯ ತೆಂಗಿನ ಇಳುವರಿಯನ್ನು ಒಬ್ಬನು ಅಳೆದನೆನ್ನೋಣ. ಲೆಕ್ಕ ತಾಳೆಯಾಗುವವರೆಗೆ ಅಂಕಿಅಂಶಗಳು ಅವನಲ್ಲಿಯೇ ಇರಬಹುದು. ಪ್ರಬಂಧವನ್ನು ಪರಿಶೀಲಕರಿಗೆ ಒಪ್ಪಿಸುವಾಗ ಅವುಗಳನ್ನೂ, ಲೆಕ್ಕ ಮಾಡಿದ ಕಂಪ್ಯೂಟರಿನ ಕ್ರಮವಿಧಿಯನ್ನೂ ತೋರಿಸಬೇಕು. ಪ್ರಬಂಧವು ಅಚ್ಚಾದ ದಿನವೇ, ರೈತರ ಹೆಸರುಗಳನ್ನು ಮಾತ್ರ ಮರೆಮಾಡಿ, ಎಲ್ಲರಿಗೂ ಒದಗಿಸಬೇಕು. ತಡಮಾಡಿದರೆ ಕಡತ ಕಳೆದೀತು. ತಪ್ಪೊಂದು ನಿಜವೆಂದು ಬೇರೂರೀತು. ಆಧಾರವಿಲ್ಲದ ನಿರ್ಣಯವನ್ನು ನಂಬಬಹುದಷ್ಟೆ. ಆಧಾರವುಳ್ಳದ್ದನ್ನು ಒರೆಗೆ ಹಚ್ಚಿ ನೋಡಬಹುದು.