ಗಲ್ಲಾ ಈಗ ಹೊಸಬರ ಕೈಯಲ್ಲಿ

ಹಳೇ ಪೇಟೆಯ ದಿನಸಿ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದವರು ಯಜಮಾನರು. ಅವರು ಊಟಕ್ಕೆ ಎದ್ದರೆ ಮಗನೋ ತಮ್ಮನೋ ಬಂದು ಕೂರಬೇಕಿತ್ತು. ವರ್ಷಗಟ್ಟಲೆ ಮೂಟೆ ಹೊತ್ತು, ಪೊಟ್ಟಣ ಕಟ್ಟಿದ ಆಳಿಗೂ ಆ ಜಾಗ ಸುಲಭಕ್ಕೆ ಸಿಗುತ್ತಿರಲಿಲ್ಲ. ಇವತ್ತು ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಸೂಪರ್ ಮಾರ್ಕೆಟ್ಟುಗಳಲ್ಲಿ ಅದೇ ಗಲ್ಲಾ, ಹಗಲು ಡಿಗ್ರಿ ಕ್ಲಾಸು ಮುಗಿಸಿ ಸಂಜೆ ಪಾರ್ಟ್‌ಟೈಮ್ ಕೆಲಸಕ್ಕೆ ಬರುವ ಹುಡುಗ ಹುಡುಗಿಯರ ಕೈಗೆ ಬಂದಿದೆ. ಕೆಲವು ದಿನ ಹಳಬರ ಪಕ್ಕ ನಿಂತು ನೋಡಿದರಾಯಿತು, ಕೌಂಟರ್ ಅವರದೇ. ಬಿಲ್ ಹಾಕುವುದನ್ನು ಎಲ್ಲರೂ ಹೇಳಿಕೊಡುತ್ತಾರೆ. ದುಡ್ಡಿನ ಹೊಣೆ ಹೊತ್ತವರು ತಮ್ಮನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನು ಹೇಳಿಕೊಡುವವರು ಕಡಿಮೆ. ಈ ಲೇಖನ ಅದಕ್ಕಾಗಿ.

ಕ್ಯಾಶ್ ರಿಜಿಸ್ಟರ್ ಹುಟ್ಟಿದ್ದೇ ಅನುಮಾನದಿಂದ. ಅಮೆರಿಕದ ಓಹಾಯೊ ರಾಜ್ಯದ ಡೇಟನ್‌ನಲ್ಲಿ ಮದ್ಯದಂಗಡಿ ನಡೆಸುತ್ತಿದ್ದ ಜೇಮ್ಸ್ ರಿಟ್ಟಿ, ಕೆಲಸದವರು ದುಡ್ಡು ಎತ್ತಿಕೊಳ್ಳುತ್ತಾರೆಂಬ ಚಿಂತೆಯಿಂದ 1879ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಈಗಿನ ಕಂಪ್ಯೂಟರ್ ಬಿಲ್ಲಿಂಗ್ ಕೂಡ ಅದೇ ಮನೆತನದ್ದು: ಲಾಗಿನ್ ಯಾರದು, ಯಾವ ಬಿಲ್ ರದ್ದಾಯಿತು ಎಲ್ಲವೂ ದಾಖಲಾಗುತ್ತದೆ. ಹೊಸಬರು ಇದಕ್ಕೆ ಬೇಸರಿಸಬೇಕಿಲ್ಲ. ಲೆಕ್ಕ ಹೆಚ್ಚುಕಮ್ಮಿಯಾದ ದಿನ ಅವರ ಪರ ಸಾಕ್ಷಿ ನುಡಿಯುವುದೂ ಆ ದಾಖಲೆಯೇ. ಆದ್ದರಿಂದ ನಿಮ್ಮ ಲಾಗಿನ್‌ನಲ್ಲಿ ಇನ್ನೊಬ್ಬರು ಬಿಲ್ ಹಾಕಲು ಬಿಡಬೇಡಿ, ಎಷ್ಟೇ ಹತ್ತಿರದ ಗೆಳೆಯರಾದರೂ ಸರಿ. ಪಾಳಿ ಶುರುವಾಗುವಾಗ ಕೊಡುವ ಓಪನಿಂಗ್ ಕ್ಯಾಶನ್ನು ಸೂಪರ್‌ವೈಸರ್ ಎದುರಲ್ಲೇ ಎಣಿಸಿ. ಕ್ಯೂ ಬೆಳೆದಿದೆ, ಆಮೇಲೆ ನೋಡಿದರಾಯಿತು ಅಂದರೂ ಕೇಳಬೇಡಿ.

ಚಿಲ್ಲರೆ ಕೊಡುವುದರಲ್ಲಿ ನಮ್ಮ ಹಳೇ ಅಂಗಡಿಯವರ ರೀತಿಯನ್ನು ಮೀರಿಸಿದ್ದು ನನಗೆ ಕಂಡಿಲ್ಲ. ಬಿಲ್ 368 ರೂಪಾಯಿ, ಗಿರಾಕಿ ಕೊಟ್ಟದ್ದು ಐನೂರರ ನೋಟು. 132 ಎಂದು ಯಂತ್ರ ತೋರಿಸುತ್ತದೆ. ಅಂಗಡಿಯವರು ಕಳೆಯುವ ಲೆಕ್ಕಕ್ಕೇ ಹೋಗುತ್ತಿರಲಿಲ್ಲ, ಕೂಡುತ್ತಿದ್ದರು. ಎರಡು ರೂಪಾಯಿ ಇಟ್ಟು ಮುನ್ನೂರ ಎಪ್ಪತ್ತು, ಮೂವತ್ತು ಇಟ್ಟು ನಾನೂರು, ನೂರು ಇಟ್ಟು ಐನೂರು. ಗಿರಾಕಿಯೂ ಜೊತೆಗೇ ಎಣಿಸಿರುತ್ತಾರೆ, ತಕರಾರಿಗೆ ಎಡೆಯಿಲ್ಲ. ಇನ್ನೊಂದು ಅಭ್ಯಾಸವನ್ನೂ ಮೊದಲ ದಿನದಿಂದಲೇ ಬೆಳೆಸಿಕೊಳ್ಳಬೇಕು. ನೋಟು ಕೈಗೆ ಬಂದೊಡನೆ ‘ಐನೂರು ಕೊಟ್ಟಿದ್ದೀರಿ ಅಕ್ಕ’ ಎಂದು ಬಾಯಿಬಿಟ್ಟು ಹೇಳಿ, ಚಿಲ್ಲರೆ ಕೊಟ್ಟು ಮುಗಿಯುವ ತನಕ ಆ ನೋಟನ್ನು ಡ್ರಾಯರ್ ಒಳಗೆ ಸೇರಿಸದೆ ಮೇಲೆಯೇ ಇಡುವುದು. ನಾನು ಕೊಟ್ಟಿದ್ದು ಐನೂರು, ನೀವು ಇನ್ನೂರಕ್ಕೆ ಚಿಲ್ಲರೆ ಕೊಟ್ಟಿರಿ ಎಂಬ ಜಗಳ ಹುಟ್ಟುವುದು ನೋಟು ಒಳಗೆ ಹೋದ ಮೇಲೆ. ಯುಪಿಐ ಪಾವತಿಯಲ್ಲೂ ಇಂಥದ್ದೇ ಎಚ್ಚರ ಬೇಕು. ಗಿರಾಕಿಯ ಮೊಬೈಲಿನ ಹಸಿರು ಟಿಕ್ ಸಾಲದು, ಅಂಗಡಿಯ ಸೌಂಡ್‌ಬಾಕ್ಸ್ ನುಡಿಯಬೇಕು ಅಥವಾ ನಿಮ್ಮ ಪರದೆಯಲ್ಲಿ ಬರಬೇಕು.

ಬಾರ್‌ಕೋಡಿನ ಕೆಲಸ ಸುಲಭ. 1974ರ ಜೂನ್ 26ರಂದು ಓಹಾಯೊದ ಟ್ರಾಯ್ ಊರಿನ ಅಂಗಡಿಯಲ್ಲಿ ಒಂದು ಚ್ಯೂಯಿಂಗ್ ಗಮ್ ಪ್ಯಾಕೆಟ್ಟಿನಿಂದ ಶುರುವಾದ ಈ ‘ಬೀಪ್’ ಸದ್ದು ಹೊಸಬರಿಗೆ ಒಂದೇ ಸಂಜೆಯಲ್ಲಿ ಒಗ್ಗುತ್ತದೆ. ಕಷ್ಟವಿರುವುದು ಬಾರ್‌ಕೋಡ್ ಇಲ್ಲದ ಕಡೆ. ಸಬ್ಬಸಿಗೆ ಯಾವುದು, ದಂಟು ಯಾವುದು, ಹೀರೇಕಾಯಿಗೂ ತುಪ್ಪದ ಹೀರೇಕಾಯಿಗೂ ಏನು ವ್ಯತ್ಯಾಸ, ಏಲಕ್ಕಿ ಬಾಳೆ ಎಂದು ಒತ್ತಬೇಕೋ ಪಚ್ಚಬಾಳೆ ಎಂದೋ. ಅಡುಗೆಮನೆಗೆ ಹೆಚ್ಚು ಕಾಲಿಡದ ಮಕ್ಕಳು ಇಲ್ಲಿ ತಡವರಿಸುತ್ತಾರೆ. ಕ್ಯೂನಲ್ಲಿರುವ ಅಜ್ಜಿಯನ್ನು ಕೇಳಿ, ಖುಷಿಯಿಂದ ಹೇಳುತ್ತಾರೆ. ಬೆಲೆಯ ವಿಷಯದಲ್ಲಿ ಮಾತ್ರ ಒಂದನ್ನು ಗಟ್ಟಿಯಾಗಿ ನೆನಪಿಡಿ. ಪೊಟ್ಟಣದ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದಕ್ಕಿಂತ ಕಡಿಮೆಗೆ ಮಾರಬಹುದು, ಹೆಚ್ಚಿಗೆ ಮಾರುವಂತಿಲ್ಲ. 2025ರ ಸೆಪ್ಟೆಂಬರ್ 22ರಂದು ಬಿಸ್ಕತ್ತು, ಶಾಂಪೂ, ಸೋಪುಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಾಗ, ಹಳೇ ಬೆಲೆ ಅಚ್ಚಾಗಿದ್ದ ಪೊಟ್ಟಣ ಹಿಡಿದ ಗಿರಾಕಿಗಳಿಗೆ ಉತ್ತರ ಹೇಳಬೇಕಾಗಿ ಬಂದದ್ದು ಮಂತ್ರಿಗಳಿಗಲ್ಲ, ಕೌಂಟರಿನಲ್ಲಿ ನಿಂತವರಿಗೆ. ಬಿಲ್ಲಿಗೆ ಮೊಬೈಲ್ ನಂಬರ್ ಕೊಡಲೇಬೇಕೆಂದು ಗಿರಾಕಿಯನ್ನು ಒತ್ತಾಯಿಸಬಾರದು ಎಂದೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಹೇಳಿದೆ. ಕೇಳಿ, ಬೇಡವೆಂದರೆ ಬಿಟ್ಟುಬಿಡಿ.

ಇನ್ನು ರಾತ್ರಿಯ ಲೆಕ್ಕ. ಶಟರ್ ಅರ್ಧ ಎಳೆದ ಮೇಲೆ ನಗದು, ಕಾರ್ಡು, ಯುಪಿಐ ಮೂರನ್ನೂ ಕಂಪ್ಯೂಟರಿನ ಮೊತ್ತಕ್ಕೆ ಹೊಂದಿಸಬೇಕು. ಟ್ಯಾಲಿ ಆಗದೆ ನೂರೋ ಇನ್ನೂರೋ ಶಾರ್ಟೇಜ್ ಬಂದರೆ, ‘ನಿನ್ನ ಸಂಬಳದಲ್ಲಿ ಹಿಡಿಯುತ್ತೇವೆ’ ಎಂಬ ಮಾತು ಬರುತ್ತದೆ. ಗಂಟೆ ಲೆಕ್ಕದಲ್ಲಿ ದುಡಿಯುವ ವಿದ್ಯಾರ್ಥಿಗೆ ಇನ್ನೂರು ರೂಪಾಯಿ ಸಣ್ಣ ಮೊತ್ತವಲ್ಲ. ಬಸ್ಸಿನ ದುಡ್ಡು, ಜೆರಾಕ್ಸಿನ ದುಡ್ಡು ಎಲ್ಲ ಅದರಲ್ಲೇ. ಕಾನೂನು ಏನು ಹೇಳುತ್ತದೆ ಎಂಬುದು ತಿಳಿದಿರಲಿ. 1936ರ ವೇತನ ಪಾವತಿ ಕಾಯ್ದೆಯಲ್ಲೂ, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಇದಕ್ಕೆ ನಿಯಮವಿದೆ. ಕೈಗೆ ವಹಿಸಿದ ದುಡ್ಡು ಕಳೆದುಹೋದದ್ದು ನೇರವಾಗಿ ಆ ನೌಕರರ ಅಜಾಗರೂಕತೆಯಿಂದ ಅಥವಾ ತಪ್ಪಿನಿಂದ ಆಗಿದ್ದರೆ ಮಾತ್ರ ಕಡಿತ ಮಾಡಬಹುದು. ಅದಕ್ಕೂ ಮೊದಲು ಅವರಿಗೆ ತಮ್ಮ ವಿವರಣೆ ಕೊಡಲು ಅವಕಾಶ ಕೊಡಬೇಕು. ಒಂದೇ ಡ್ರಾಯರನ್ನು ಮೂವರು ಬಳಸಿ, ಕೊನೆಗೆ ನಿಂತವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೆಲಸಕ್ಕೆ ಸೇರುವ ದಿನವೇ ಇದನ್ನು ಕೇಳಿ: ನನಗೆ ಬೇರೆ ಡ್ರಾಯರ್ ಕೊಡುತ್ತೀರಾ, ಶಾರ್ಟೇಜ್ ಬಂದರೆ ಏನು ಮಾಡುತ್ತೀರಿ, ಸಂಬಳ ಎಷ್ಟು, ಬರಹದಲ್ಲಿ ಕೊಡುತ್ತೀರಾ. ಹುಡುಗಿಯರು ರಾತ್ರಿ ಮನೆಗೆ ಮರಳುವ ವ್ಯವಸ್ಥೆಯನ್ನೂ ಕೇಳಲಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಅಂಗಡಿಗೆ ಸೇರದಿರುವುದೇ ಒಳ್ಳೆಯದು.

ಕಾಲು ನೋವಿನ ಮಾತು ಉಳಿಯಿತು. ಯಜಮಾನರು ಗಲ್ಲಾದ ಹಿಂದೆ ದಿಂಬು ಹಾಕಿಕೊಂಡು ಕೂರುತ್ತಿದ್ದರು. ಅದೇ ಕೆಲಸ ಮಾಡುವ ಇಂದಿನ ಕ್ಯಾಷಿಯರ್ ಹಲವು ಕಡೆ ಪಾಳಿಯುದ್ದಕ್ಕೂ ನಿಂತೇ ಇರುತ್ತಾರೆ. ಹಬ್ಬದ ಹಿಂದಿನ ದಿನವಂತೂ ನೀರು ಕುಡಿಯಲೂ ಪುರುಸೊತ್ತಿಲ್ಲ. ಕೇರಳದ ಕೋಝಿಕ್ಕೋಡಿನಲ್ಲಿ ಹೊಲಿಗೆ ಕೆಲಸದ ಪಿ. ವಿಜಿ ಬಟ್ಟೆ ಅಂಗಡಿಯ ಹೆಣ್ಣುಮಕ್ಕಳನ್ನು ಒಗ್ಗೂಡಿಸಿ, ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಕಾನೂನು ತಿದ್ದಿತು, 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ನಿಂತು ದುಡಿಯುವವರಿಗೆ ಆಸನದ ವ್ಯವಸ್ಥೆ ಇರಬೇಕೆಂಬ ಮಾತು ಕೇಂದ್ರದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಇದೆ. ಕೂತು ಬಿಲ್ ಹಾಕಿದರೆ ಗಿರಾಕಿಗೆ ಅಗೌರವ ಎಂಬ ಯೋಚನೆಗೆ ಅರ್ಥವಿಲ್ಲ. ಬ್ಯಾಂಕಿನ ಕ್ಯಾಷಿಯರ್ ಕೂತೇ ಕೆಲಸ ಮಾಡುತ್ತಾರೆ, ಅಲ್ಲಿ ಯಾರಿಗೂ ಅವಮಾನವಾಗಿಲ್ಲ.

ಅಂಗಡಿ ನಡೆಸುವವರಲ್ಲಿ ನನ್ನ ಕೇಳಿಕೆ: ಪ್ರತಿ ಕೌಂಟರಿಗೆ ಒಂದು ಎತ್ತರದ ಸ್ಟೂಲ್ ಹಾಕಿಸಿ, ಪ್ರತಿ ಪಾಳಿಗೆ ಬೇರೆ ಡ್ರಾಯರ್ ಕೊಡಿ. ಕೊಳ್ಳಲು ಹೋಗುವ ನಾವು, ಹೊಸ ಹುಡುಗಿಯೋ ಹುಡುಗನೋ ಬಿಲ್ ಹಾಕಲು ತಡಮಾಡಿದಾಗ ಎರಡು ನಿಮಿಷ ಕಾಯೋಣ. ಚಿಲ್ಲರೆಯನ್ನು ಅವರೆದುರೇ ಎಣಿಸೋಣ, ಹೆಚ್ಚಿಗೆ ಬಂದಿದ್ದರೆ ಆಗಲೇ ವಾಪಸು ಕೊಡೋಣ.