ಕೊಂಡ ವಿಡಿಯೊ ಗೇಮಿನ ಬ್ಯಾಕಪ್ ಪ್ರತಿಯೂ ಕೃತಿಸ್ವಾಮ್ಯವೂ

ಶಿವಮೊಗ್ಗದ ವಿದ್ಯಾರ್ಥಿಯೊಬ್ಬನು ತಾನು ಬೆಲೆ ಕೊಟ್ಟು ಕೊಂಡ ವಿಡಿಯೊ ಗೇಮಿನ ಡಿಸ್ಕು ಮಲೆನಾಡಿನ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಕೆಟ್ಟೀತೆಂದು ಅದರ ಬ್ಯಾಕಪ್ ಪ್ರತಿಯೊಂದನ್ನು ಮಾಡಿಟ್ಟುಕೊಂಡರೆ ಅಪರಾಧವಾದೀತೆ? ಆಗದೆಂದೇ ನಮ್ಮ ಮತ. ೧೯೫೭ರ ಕೃತಿಸ್ವಾಮ್ಯ ಅಧಿನಿಯಮದ ೫೨ನೆಯ ಪ್ರಕರಣಕ್ಕೆ ೧೯೯೪ರ ತಿದ್ದುಪಡಿಯಿಂದ ಸೇರಿದ ಖಂಡವು, ಕಂಪ್ಯೂಟರ್ ಪ್ರೋಗ್ರಾಮನ್ನು ನ್ಯಾಯವಾಗಿ ಹೊಂದಿದವನು ನಷ್ಟ, ನಾಶ, ಹಾನಿಗಳಿಂದ ತಾತ್ಕಾಲಿಕ ರಕ್ಷಣೆಗೆಂದು ಮಾತ್ರ ಬ್ಯಾಕಪ್ ಪ್ರತಿ ಮಾಡಿಕೊಳ್ಳುವುದನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. ೧೯೯೯ರ ತಿದ್ದುಪಡಿಯು ವಾಣಿಜ್ಯೇತರವಾದ ಸ್ವಂತ ಉಪಯೋಗದ ಪ್ರತಿಗೂ ಎಡೆಗೊಟ್ಟಿತು.

ತೊಡಕಿರುವುದು ಬೇರೆಡೆಯಲ್ಲಿ. ಗೇಮೆಂಬುದು ಬರಿಯ ಪ್ರೋಗ್ರಾಮಲ್ಲ. ಸಂಗೀತ, ಚಿತ್ರ, ಕಥೆಗಳೂ ಅದರಲ್ಲಿ ಅಡಕವಾಗಿವೆ. ಇವುಗಳ ಮಟ್ಟಿಗೆ, ಖಾಸಗಿ ಉಪಯೋಗದ ನ್ಯಾಯೋಚಿತ ಬಳಕೆಯನ್ನು ಒಪ್ಪುವ ೫೨(೧)(ಎ) ಖಂಡವನ್ನು ಆಶ್ರಯಿಸಬೇಕಾಗುತ್ತದೆ. ಆ ಖಂಡವಾದರೋ ಪ್ರೋಗ್ರಾಮನ್ನೇ ಹೊರಗಿಟ್ಟಿದೆ! ಹೀಗೆ ಒಂದೇ ಡಿಸ್ಕಿಗೆ ಎರಡು ಆಸರೆಗಳು ಬೇಕಾದುವು. ಇನ್ನು ನಕಲನ್ನು ತಡೆಯುವ ತಾಂತ್ರಿಕ ಬೀಗವಿದ್ದರೆ? ೨೦೧೨ರಲ್ಲಿ ಸೇರಿದ ೬೫ಎ ಪ್ರಕರಣವು ಅದನ್ನು ಮುರಿದವನಿಗೆ ೨ ವರ್ಷಗಳವರೆಗಿನ ಕಾರಾವಾಸವನ್ನೂ ಜುಲ್ಮಾನೆಯನ್ನೂ ವಿಧಿಸುತ್ತದೆ. ಆದರೆ ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶವಿರಬೇಕೆಂಬ ಮಾತು ಅಲ್ಲಿ ಸ್ಪಷ್ಟವಾಗಿದೆ. ಸ್ವಂತ ಡಿಸ್ಕನ್ನು ಕಾಪಾಡಿಕೊಳ್ಳುವವನಲ್ಲಿ ಅಂತಹ ಉದ್ದೇಶವನ್ನು ನಾವು ಕಾಣೆವು.

ಅದೇ ಪ್ರತಿಯನ್ನು ಭದ್ರಾವತಿಯ ಗೆಳೆಯನಿಗೆ ಕೊಟ್ಟೊಡನೆ ವಿಷಯ ಬದಲಾಗುತ್ತದೆ. ಉಲ್ಲಂಘನೆಯ ಪ್ರತಿಯೆಂದು ಅರಿತೂ ಅದನ್ನು ಕಂಪ್ಯೂಟರಿನಲ್ಲಿ ಆಡಿದ ಗೆಳೆಯನಿಗೆ ೬೩ಬಿ ಪ್ರಕರಣದಂತೆ ೭ ದಿನಗಳಿಗೆ ಕಡಿಮೆಯಿಲ್ಲದ ಕಾರಾವಾಸವೂ ೫೦,೦೦೦ ರೂಪಾಯಿಗಳಿಗೆ ಕಡಿಮೆಯಿಲ್ಲದ ಜುಲ್ಮಾನೆಯೂ ಒದಗಬಹುದು. ಲಾಭಕ್ಕಾಗಿಯಾಗಲಿ ವ್ಯಾಪಾರಕ್ಕಾಗಿಯಾಗಲಿ ಬಳಸಿಲ್ಲವೆಂದು ಸಿದ್ಧಪಟ್ಟರೆ ನ್ಯಾಯಾಲಯವು ಕಾರಣಗಳನ್ನು ದಾಖಲಿಸಿ ಕಾರಾವಾಸವನ್ನು ಬಿಟ್ಟು, ೫೦,೦೦೦ದವರೆಗಿನ ಜುಲ್ಮಾನೆಯನ್ನಷ್ಟೆ ವಿಧಿಸಬಹುದು.