ಎದ್ದು ನಿಲ್ಲುವ ಗೋಡೆಗಳು

ಗೋಡೆಯನ್ನು ಕಟ್ಟುವುದೆಂದರೆ ಏನೆಂಬುದು ಎಲ್ಲರಿಗೂ ತಿಳಿದದ್ದೇ. ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನಿರಿಸಿ, ನಡುನಡುವೆ ಗಾರೆಯನ್ನು ತುಂಬಿ, ತಳಪಾಯದಿಂದ ಮೇಲಕ್ಕೆ ಸಾಲುಸಾಲಾಗಿ ಬೆಳೆಸುವುದು ರೂಢಿಯ ಕ್ರಮ. ಆದರೆ ಗೋಡೆಯನ್ನು ನೆಲದ ಮೇಲೆ ಮಲಗಿಸಿಯೇ ತಯಾರಿಸಿ, ಅದು ಗಟ್ಟಿಯಾದ ಮೇಲೆ ಕ್ರೇನಿನಿಂದ ಎತ್ತಿ ನಿಲ್ಲಿಸುವ ಪದ್ಧತಿಯೂ ಒಂದುಂಟು. ಇದಕ್ಕೆ ‘ಟಿಲ್ಟ್-ಅಪ್’ ಎಂದು ಹೆಸರು. ಕಟ್ಟಡದ ನೆಲಗಟ್ಟನ್ನೇ ಅಚ್ಚಿನ ಹಾಸನ್ನಾಗಿ ಮಾಡಿಕೊಂಡು, ಅದರ ಮೇಲೆ ಅಂಚುಪಟ್ಟಿಗಳ ಚೌಕಟ್ಟನ್ನು ಜೋಡಿಸಿ, ಕಬ್ಬಿಣದ ಸರಳುಗಳನ್ನು ಹರಡಿ, ಕಾಂಕ್ರೀಟನ್ನು ಸುರಿಯುತ್ತಾರೆ. ಕೆಲವು ದಿನಗಳಲ್ಲಿ ಕಲ್ಲಿನಂತಾದ ಆ ಫಲಕವು ಒಂದು ಅಂಚನ್ನು ನೆಲಕ್ಕೂರಿ, ಮಲಗಿದ್ದವನು ಏಳುವಂತೆ ಏಳುತ್ತದೆ. ಅಮೆರಿಕ, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ಕಾರ್ಖಾನೆ, ಉಗ್ರಾಣ ಮತ್ತು ಅಂಗಡಿಗಳ ಅನೇಕ ಕಟ್ಟಡಗಳು ಹೀಗೆ ಎದ್ದು ನಿಂತವು.

ಈ ಉಪಾಯವು ಹೊಸದಲ್ಲ. 20ನೆಯ ಶತಮಾನದ ಮೊದಲ ದಶಕದಲ್ಲಿಯೇ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ರಾಬರ್ಟ್ ಏಕನ್ ಎಂಬುವನು ವಾಲುವ ಮೇಜಿನ ಮೇಲೆ ಗೋಡೆಗಳನ್ನು ಎರಕ ಹೊಯ್ದು ಎತ್ತಿ ನಿಲ್ಲಿಸಿದ್ದನು. ಕ್ಯಾಲಿಫೋರ್ನಿಯದ ವಾಸ್ತುಶಿಲ್ಪಿ ಅರ್ವಿಂಗ್ ಗಿಲ್ ಈ ಕ್ರಮವನ್ನು ಅನುಸರಿಸಿ ಲಾ ಹೋಯಾ ಎಂಬಲ್ಲಿ ಮಹಿಳಾ ಸಂಘದ ಭವನವನ್ನು ನಿರ್ಮಿಸಿದನು. ಅದು 1914ರಲ್ಲಿ ಪೂರ್ಣಗೊಂಡಿತು. ರುಡಾಲ್ಫ್ ಶಿಂಡ್ಲರನು 1922ರಲ್ಲಿ ಲಾಸ್ ಏಂಜಲಿಸ್ ಪ್ರದೇಶದ ಕಿಂಗ್ಸ್ ರಸ್ತೆಯಲ್ಲಿ ಕಟ್ಟಿದ ತನ್ನ ಮನೆಗೂ ಇಂತಹ ಫಲಕಗಳನ್ನೇ ಬಳಸಿ, ನಡುವಣ ಕಿರಿದಾದ ಸಂದುಗಳಿಗೆ ಗಾಜನ್ನು ಕೂಡಿಸಿದನು. ಎರಡನೆಯ ಮಹಾಯುದ್ಧದ ತರುವಾಯ, ಚಲಿಸುವ ಕ್ರೇನುಗಳೂ ಸಿದ್ಧ ಕಾಂಕ್ರೀಟನ್ನು ಹೊತ್ತು ತರುವ ಲಾರಿಗಳೂ ಬಳಕೆಗೆ ಬಂದ ಮೇಲೆ, ಈ ಪದ್ಧತಿಯು ವಿಶೇಷವಾಗಿ ಹರಡಿತು.

ಇದರಲ್ಲಿ ಕಾಂಕ್ರೀಟು ಕೆಲಸಗಾರನ ಹೊಣೆ ಎಷ್ಟು ಎಂಬುದನ್ನು ಅರಿಯಬೇಕಾದರೆ ನಾವು ತರಗತಿಯಲ್ಲಿ ಓದುವ ಭೌತಶಾಸ್ತ್ರದ ಕೆಲವು ಪಾಠಗಳನ್ನು ನೆನಪಿಗೆ ತಂದುಕೊಳ್ಳಬೇಕು.

ಎಲ್ಲಿ ಹಿಡಿದು ಎತ್ತಬೇಕು?

ಉದಾಹರಣೆಗಾಗಿ 8 ಮೀಟರ್ ಎತ್ತರ, 4 ಮೀಟರ್ ಅಗಲ, 150 ಮಿಲಿಮೀಟರ್ ದಪ್ಪವಿರುವ ಫಲಕವೊಂದನ್ನು ತೆಗೆದುಕೊಳ್ಳೋಣ. ಅದರ ಗಾತ್ರ 4.8 ಘನ ಮೀಟರ್. ಒಂದು ಘನ ಮೀಟರ್ ಕಾಂಕ್ರೀಟಿನ ದ್ರವ್ಯರಾಶಿ ಸುಮಾರು 2,400 ಕಿಲೋಗ್ರಾಂ ಆದುದರಿಂದ ಫಲಕವು 11,520 ಕಿಲೋಗ್ರಾಂ, ಎಂದರೆ ಹನ್ನೊಂದೂವರೆ ಟನ್, ತೂಗುತ್ತದೆ.

ಕಾಂಕ್ರೀಟು ಅದುಮುವ ಬಲವನ್ನು ಚೆನ್ನಾಗಿ ತಡೆಯುತ್ತದೆ. ಎಳೆತವನ್ನು ತಡೆಯುವ ಶಕ್ತಿಯಾದರೋ ಸುಮಾರಾಗಿ ಅದರ ಹತ್ತರಲ್ಲೊಂದು ಪಾಲು ಮಾತ್ರ. ಮಲಗಿರುವ ಫಲಕವನ್ನು ಎತ್ತಿದಾಗ ಅದು ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಬಾಗಿದ ಹಲಗೆಯ ಒಂದು ಮುಖ ಅದುಮಲ್ಪಟ್ಟು, ಇನ್ನೊಂದು ಮುಖ ಎಳೆಯಲ್ಪಡುವುದಷ್ಟೆ. ಬಿರುಕು ಹುಟ್ಟುವುದು ಎಳೆಯಲ್ಪಟ್ಟ ಮುಖದಲ್ಲಿ.

ನಮ್ಮ ಫಲಕದ ಕೆಳಗಿನ ಅಂಚು ನೆಲಕ್ಕೂರಿದ್ದು, ಕ್ರೇನು ಮೇಲಿನ ಅಂಚನ್ನೇ ಹಿಡಿದು ಎತ್ತಿತೆಂದು ಭಾವಿಸೋಣ. ಲೆಕ್ಕ ಮಾಡಿ ನೋಡಿದರೆ ಫಲಕದ ನಡುಭಾಗದಲ್ಲಿ ಎಳೆತವು ಪ್ರತಿ ಚದರ ಮಿಲಿಮೀಟರಿಗೆ ಸುಮಾರು 7.5 ನ್ಯೂಟನ್ ಆಗುತ್ತದೆ. ಸಾಧಾರಣ ಕಾಂಕ್ರೀಟು ಬಾಗುವಾಗ 3ರಿಂದ 4 ನ್ಯೂಟನ್‌ಗಳಷ್ಟನ್ನು ಮಾತ್ರ ಸಹಿಸೀತು. ಆದುದರಿಂದ ಫಲಕವು ಏಳುವ ಮೊದಲೇ ಬಿರಿಯುವುದು ನಿಶ್ಚಯ. ಒಳಗಿನ ಕಬ್ಬಿಣವು ಇದನ್ನು ತಡೆಯಲಾರದೆ ಎಂದು ನೀವು ಕೇಳಬಹುದು. ತೆಳುವಾದ ಫಲಕಗಳಲ್ಲಿ ಸರಳುಗಳ ಜಾಲವು ಅನೇಕ ವೇಳೆ ದಪ್ಪದ ನಟ್ಟನಡುವೆ ಇರುತ್ತದೆ. ಆ ತಲದಲ್ಲಿ ಎಳೆತವೂ ಇಲ್ಲ, ಅದುಮುವಿಕೆಯೂ ಇಲ್ಲ. ಹಾಗಾಗಿ ಬಿರುಕು ಬಿಡುವವರೆಗೆ ಕಬ್ಬಿಣಕ್ಕೆ ಕೆಲಸವೇ ಇರುವುದಿಲ್ಲ.

ಈಗ ಹಿಡಿಯುವ ಸ್ಥಾನವನ್ನು ತುಸು ಕೆಳಗೆ ಸರಿಸೋಣ. ಆಗ ಮೇಲಿನ ಭಾಗವು ಹಿಡಿಯ ಆಚೆಗೆ ಚಾಚಿಕೊಂಡು ತನ್ನ ಭಾರದಿಂದ ನಡುಭಾಗದ ಬಾಗುವಿಕೆಯನ್ನು ಕಡಿಮೆ ಮಾಡುತ್ತದೆ. ಅತಿಯಾಗಿ ಸರಿಸಿದರೆ ಚಾಚಿದ ಭಾಗವೇ ಹಿಡಿಯ ಬಳಿ ಬಿರಿಯುತ್ತದೆ. ಈ ಎರಡು ಅಪಾಯಗಳೂ ಸಮನಾಗುವ ಸ್ಥಾನವು ಕೆಳ ಅಂಚಿನಿಂದ ಎತ್ತರದ 0.707 ಪಾಲಿನಲ್ಲಿದೆ. ನಮ್ಮ ಫಲಕದಲ್ಲಿ ಅದು 5.66 ಮೀಟರ್. ಅಲ್ಲಿ ಹಿಡಿದರೆ ಎಳೆತವು 7.5ರಿಂದ ಸುಮಾರು 2.6ಕ್ಕೆ ಇಳಿಯುತ್ತದೆ! ಫಲಕ ಅದೇ, ಕಾಂಕ್ರೀಟು ಅದೇ. ಹಿಡಿದ ಸ್ಥಳ ಬದಲಾದ ಮಾತ್ರಕ್ಕೆ ಅಪಾಯವು ಮೂರರಲ್ಲೊಂದು ಪಾಲಾಯಿತು.

ಇದನ್ನು ನೀವು ಮನೆಯಲ್ಲಿಯೇ ಪರೀಕ್ಷಿಸಬಹುದು. 30 ಸೆಂಟಿಮೀಟರ್ ಉದ್ದದ ತೆಳುವಾದ ರಟ್ಟಿನ ಪಟ್ಟಿಯೊಂದನ್ನು ಎರಡು ತುದಿಗಳಲ್ಲಿ ಪುಸ್ತಕಗಳ ಮೇಲಿರಿಸಿ ಅದು ಎಷ್ಟು ಜೋಲುವುದೆಂದು ನೋಡಿರಿ. ಬಳಿಕ ಒಂದು ಪುಸ್ತಕವನ್ನು 21 ಸೆಂಟಿಮೀಟರಿನ ಗುರುತಿಗೆ ಸರಿಸಿರಿ. ವ್ಯತ್ಯಾಸವು ಕಣ್ಣಿಗೇ ಕಾಣುತ್ತದೆ.

ಫಲಕವನ್ನು ಹಿಡಿಯಲು ಕಾಂಕ್ರೀಟಿನೊಳಗೆ ಮೊದಲೇ ಹುದುಗಿಸಿಟ್ಟ ಉಕ್ಕಿನ ಕೊಂಡಿಗಳಿರುತ್ತವೆ. ಅವುಗಳ ಸಂಖ್ಯೆ ಮತ್ತು ಸ್ಥಾನಗಳನ್ನು ನಕ್ಷೆಯಲ್ಲಿ ಗುರುತಿಸುವವನು ಎಂಜಿನಿಯರು; ದೊಡ್ಡ ಫಲಕಗಳಿಗೆ ಆತನು ಎರಡು ಮೂರು ಸಾಲು ಕೊಂಡಿಗಳನ್ನು ಸೂಚಿಸುವುದುಂಟು. ಆದರೆ ಆ ಕೊಂಡಿಯನ್ನು ನಕ್ಷೆಯಲ್ಲಿದ್ದ ಸ್ಥಾನದಲ್ಲಿಯೇ ಕಟ್ಟಿ, ಕಾಂಕ್ರೀಟು ಸುರಿಯುವಾಗ ಅದು ಸರಿಯದಂತೆ ನೋಡಿಕೊಳ್ಳುವವನು ಕೆಲಸಗಾರ. ವೈಬ್ರೇಟರನ್ನು ಹಿಡಿದವನು ಅಜಾಗರೂಕನಾಗಿ ಕೊಂಡಿಯನ್ನು ಓರೆ ಮಾಡಿದರೂ, ಅದರ ಸುತ್ತ ಕಾಂಕ್ರೀಟು ಗಟ್ಟಿಯಾಗಿ ಕೂರದೆ ಪೊಳ್ಳು ಉಳಿದರೂ ಎಂಜಿನಿಯರನ ಲೆಕ್ಕವೆಲ್ಲ ವ್ಯರ್ಥ.

ಗಾಳಿಯ ಹಿಡಿತ

ಮತ್ತೊಂದು ತೊಡಕು ಎತ್ತುವ ಮೊದಲ ಕ್ಷಣದಲ್ಲಿಯೇ ಎದುರಾಗುತ್ತದೆ. ನುಣುಪಾದ ನೆಲದ ಮೇಲೆ ಹೊಯ್ದ ಕಾಂಕ್ರೀಟು ನೆಲಕ್ಕೆ ಅಂಟಿಕೊಳ್ಳದಂತೆ ನಡುವೆ ಒಂದು ರಾಸಾಯನಿಕ ದ್ರವವನ್ನು ಸಿಂಪಡಿಸಿರುತ್ತಾರೆ. ಆದರೂ ಫಲಕವನ್ನು ಥಟ್ಟನೆ ಎಳೆದರೆ, ಅದರ ಕೆಳಗೆ ಗಾಳಿಯು ನುಗ್ಗಲು ಅವಕಾಶವಿಲ್ಲದೆ, ಮೇಲಿನ ವಾಯುಮಂಡಲವೇ ಅದನ್ನು ನೆಲಕ್ಕೆ ಅದುಮಿ ಹಿಡಿಯುತ್ತದೆ. ಮ್ಯಾಗ್ಡೆಬರ್ಗಿನ ಅರೆಗೋಳಗಳನ್ನು ಕುದುರೆಗಳು ಎಳೆದ ಕಥೆಯನ್ನು ನೀವು ಓದಿದ್ದೀರಿ. 32 ಚದರ ಮೀಟರಿನ ನಮ್ಮ ಫಲಕದ ಕೆಳಗೆ ಸಂಪೂರ್ಣ ನಿರ್ವಾತವಿದ್ದರೆ ವಾಯುವಿನ ಭಾರವು 330 ಟನ್ ಆಗುತ್ತಿತ್ತು. ಅಷ್ಟಾಗುವುದು ಎಂದಿಗೂ ಇಲ್ಲ. ಆದರೆ ಕೆಳಗಿನ ಒತ್ತಡವು ನೂರಕ್ಕೆ ಮೂರೂವರೆಯಷ್ಟು ತಗ್ಗಿದರೂ ಸಾಕು, ಅದು ಫಲಕದ ಸ್ವಂತ ಭಾರಕ್ಕೆ ಸಮನಾಗಿ, ಕ್ರೇನಿನ ಮತ್ತು ಕೊಂಡಿಗಳ ಹೊರೆ ಬಹುವಾಗಿ ಹೆಚ್ಚುತ್ತದೆ.

ಆದುದರಿಂದ ದ್ರವವನ್ನು ಎಲ್ಲೆಡೆ ಸಮನಾಗಿ ಹರಡಬೇಕು. ಅದು ಸರಿಯಾಗಿ ಕೂತಿದೆಯೆ ಎಂದು ತಿಳಿಯಲು ಸುಲಭವಾದ ಉಪಾಯವಿದೆ: ನೆಲದ ಮೇಲೆ ನೀರನ್ನು ಚಿಮುಕಿಸಿದರೆ ಅದು ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾಗಿ ನಿಲ್ಲಬೇಕು, ಹೀರಿಕೊಂಡು ಕಪ್ಪಾದರೆ ಅಲ್ಲಿ ಲೇಪನವು ಸಾಲದು. ಫಲಕದ ಸುತ್ತ ಮಳೆಯ ನೀರು ನಿಂತಿದ್ದರೆ ಗಾಳಿಯ ದಾರಿ ಮುಚ್ಚುವುದರಿಂದ ಅದನ್ನು ಬಳಿದು ತೆಗೆಯಬೇಕು. ಕ್ರೇನು ಮೆಲ್ಲಗೆ ಎಳೆಯುತ್ತ, ಅಂಚಿನಿಂದ ಗಾಳಿ ಒಳಸೇರುವವರೆಗೆ ಕಾಯಬೇಕು.

ನಿಂತ ಗೋಡೆಯ ಅಪಾಯ

ಹನ್ನೊಂದೂವರೆ ಟನ್ನಿನ ಗೋಡೆಯು ನೆಟ್ಟಗೆ ನಿಂತ ಮೇಲೆ ಅಲುಗೀತೆ ಎಂದು ತೋರಬಹುದು. ಈ ಭಾವನೆಯೇ ಅಪಾಯಕರವಾದುದು. ಫಲಕದ ದಪ್ಪ 150 ಮಿಲಿಮೀಟರ್. ಗುರುತ್ವಕೇಂದ್ರದಿಂದ ಹೊರಟ ಲಂಬರೇಖೆಯು ತಳದ ಅಂಚಿನಿಂದ ಬರೀ 75 ಮಿಲಿಮೀಟರ್ ಒಳಗಿದೆ. ಗಾಳಿಯಾದರೋ 4 ಮೀಟರ್ ಎತ್ತರದಲ್ಲಿ, ಎಂದರೆ ಐವತ್ತುಮಡಿಗೂ ಹೆಚ್ಚಿನ ಸನ್ನೆಯಿಂದ, ತಳ್ಳುತ್ತಿರುತ್ತದೆ. ಲೆಕ್ಕದ ಪ್ರಕಾರ, ಯಾವ ಆಸರೆಯೂ ಇಲ್ಲದ ಈ ಗೋಡೆಯನ್ನು ಉರುಳಿಸಲು ಚದರ ಮೀಟರಿಗೆ 66 ನ್ಯೂಟನ್‌ಗಳ ಒತ್ತಡ ಸಾಕು. ಗಂಟೆಗೆ ಸುಮಾರು 38 ಕಿಲೋಮೀಟರ್ ವೇಗದ ಗಾಳಿಯು ಅಷ್ಟನ್ನು ಉಂಟುಮಾಡಬಲ್ಲದು. ಇದು ಬಿರುಗಾಳಿಯಲ್ಲ; ಮಳೆ ಬರುವ ಮುನ್ನ ಬೀಸುವ ಸಾಧಾರಣ ಗಾಳಿ. ಅದರ ವೇಗ ಇಮ್ಮಡಿಯಾದರೆ ಒತ್ತಡವು ನಾಲ್ಮಡಿಯಾಗುತ್ತದೆ ಎಂಬುದನ್ನೂ ಮರೆಯಬಾರದು.

ಈ ಕಾರಣದಿಂದಲೇ ಚಾವಣಿಯ ತೊಲೆಗಳು ಕೂಡಿ ಗೋಡೆಗಳು ಒಂದನ್ನೊಂದು ಹಿಡಿದುಕೊಳ್ಳುವವರೆಗೆ ಪ್ರತಿ ಫಲಕಕ್ಕೂ ಓರೆಯಾದ ಉಕ್ಕಿನ ಊರೆಗಂಬಗಳನ್ನು ಬಿಗಿಯುತ್ತಾರೆ. ಸಾಮಾನ್ಯವಾಗಿ ಒಂದು ಫಲಕಕ್ಕೆ ಎರಡಕ್ಕಿಂತ ಕಡಿಮೆ ಇರಕೂಡದು. ಅವು ಬಿಗಿಯುವ ಮುನ್ನ ಕ್ರೇನಿನ ಸರಪಳಿಯನ್ನು ಕಳಚಕೂಡದು. ಫಲಕವು ಏಳುತ್ತಿರುವಾಗ ಅದು ಬೀಳಬಹುದಾದ ಜಾಗದಲ್ಲಿ ಯಾರೂ ನಿಲ್ಲಕೂಡದು. ಆಸ್ಟ್ರೇಲಿಯದಲ್ಲಿ ಇಂತಹ ನಿಯಮಗಳನ್ನು ಒಟ್ಟುಗೂಡಿಸಿ 2008ರಲ್ಲಿ ರಾಷ್ಟ್ರೀಯ ಸಂಹಿತೆಯೊಂದನ್ನು ಪ್ರಕಟಿಸಿದರು.

ಕಲಿಕೆ ಮತ್ತು ಪರೀಕ್ಷೆ

ಹೀಗಿರುವಾಗ, ಈ ಕೆಲಸಕ್ಕೆ ಕೈಹಾಕುವವನನ್ನು ತಯಾರು ಮಾಡುವುದು ಹೇಗೆ? ಆಸ್ಟ್ರೇಲಿಯದಲ್ಲಿ ಕಾಂಕ್ರೀಟು ಕೆಲಸಕ್ಕೆಂದೇ ಮೂರನೆಯ ದರ್ಜೆಯ ಪ್ರಮಾಣಪತ್ರವೊಂದುಂಟು. ಕಲಿಯುವವನು ನಕ್ಷೆಯನ್ನು ಓದುವುದು, ಹಾಸನ್ನು ಸಿದ್ಧಪಡಿಸುವುದು, ಸರಳು ಮತ್ತು ಕೊಂಡಿಗಳನ್ನು ಕಟ್ಟುವುದು, ಕಾಂಕ್ರೀಟನ್ನು ಸುರಿದು ನಯಗೊಳಿಸುವುದು, ಅದು ಒಣಗಿ ಬಿರಿಯದಂತೆ ತೇವವನ್ನು ಕಾಯುವುದು ಇವೆಲ್ಲವನ್ನೂ ಕೈಯಾರೆ ಮಾಡಿ ಕಲಿಯುತ್ತಾನೆ. ಸರಪಳಿಯನ್ನು ತೊಡಿಸಿ ಕ್ರೇನಿಗೆ ಸಂಜ್ಞೆ ಕೊಡುವ ಕೆಲಸಕ್ಕೆ ಬೇರೆಯದೇ ಆದ ಪರವಾನಗಿ ಬೇಕು. ಕಾಂಕ್ರೀಟು ಕೆಲಸಗಾರನು ಅದರಲ್ಲಿ ತಲೆಹಾಕುವಂತಿಲ್ಲ.

ಇಲ್ಲಿ ರೇಖಾಗಣಿತಕ್ಕೂ ಸ್ಥಾನವಿದೆ. ಚೌಕಟ್ಟು ಸರಿಯಾದ ಆಯತವಾಗಿದೆಯೆ ಎಂದು ನೋಡಲು ಎರಡು ಕರ್ಣಗಳನ್ನೂ ಅಳೆಯಬೇಕು. 8 ಮತ್ತು 4 ಮೀಟರುಗಳ ಆಯತದ ಕರ್ಣವು 8.944 ಮೀಟರ್. ಮೇಲಿನ ಅಂಚು 10 ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದರೂ ಎರಡು ಕರ್ಣಗಳಿಗೆ ಸುಮಾರು 9 ಮಿಲಿಮೀಟರುಗಳ ಅಂತರ ಬೀಳುತ್ತದೆ. ಕಾಂಕ್ರೀಟು ಸುರಿದ ಮೇಲೆ ತಿಳಿದು ಪ್ರಯೋಜನವಿಲ್ಲ. ಪಕ್ಕದ ಫಲಕದೊಡನೆ ಅದು ಹೊಂದುವುದೇ ಇಲ್ಲ.

ಪರೀಕ್ಷೆಯ ಕ್ರಮವು ಇನ್ನೂ ಗಮನಾರ್ಹವಾದುದು. ಪರೀಕ್ಷಕನು ಕೆಲಸದ ಸ್ಥಳದಲ್ಲಿ, ಅಥವಾ ಅದನ್ನು ಹೋಲುವಂತೆ ಅಣಿಗೊಳಿಸಿದ ಸ್ಥಳದಲ್ಲಿ, ನಿಂತು ನೋಡುತ್ತಾನೆ. ನಡುವೆ ಪ್ರಶ್ನೆಗಳನ್ನು ಕೇಳುತ್ತಾನೆ. ಈ ಕೊಂಡಿಯನ್ನು ಇಲ್ಲಿಯೇ ಏಕೆ ಕಟ್ಟಿದೆ? ಕಾಂಕ್ರೀಟು ಎತ್ತುವಷ್ಟು ಬಲಿತಿದೆಯೆಂದು ಹೇಗೆ ಬಲ್ಲೆ? ಎರಡನೆಯದಕ್ಕೆ ‘ಮುಟ್ಟಿದರೆ ಗಟ್ಟಿಯಾಗಿದೆ’ ಎಂಬುದು ಉತ್ತರವಲ್ಲ. ಅದೇ ಕಾಂಕ್ರೀಟಿನಿಂದ ತುಂಬಿಸಿಟ್ಟ ಸ್ತಂಭಾಕೃತಿಯ ಮಾದರಿಗಳನ್ನು ಯಂತ್ರದಲ್ಲಿ ಅದುಮಿ ಒಡೆದು, ನಕ್ಷೆಯಲ್ಲಿ ಹೇಳಿದ ಬಲವು ಬಂದಿದೆಯೆಂದು ತಿಳಿದ ಬಳಿಕವೇ ಎತ್ತಬೇಕು ಎಂಬುದು ಉತ್ತರ.

ಇದರ ಫಲಿತಾಂಶದಲ್ಲಿ ಅಂಕಗಳಿಲ್ಲ. ‘ಸಮರ್ಥ’ ಅಥವಾ ‘ಇನ್ನೂ ಸಮರ್ಥನಲ್ಲ’ ಎಂಬ ಎರಡೇ ತೀರ್ಪುಗಳು. ನಮ್ಮ ಶಾಲೆ ಕಾಲೇಜುಗಳಲ್ಲಿ ನೂರಕ್ಕೆ ಮೂರನೆಯ ಒಂದು ಪಾಲು ಅಂಕ ಬಂದರೆ ವಿದ್ಯಾರ್ಥಿಯು ತೇರ್ಗಡೆಯಾಗುತ್ತಾನೆ. ಉಳಿದುದನ್ನು ಆತನು ಮುಂದೆ ಕಲಿತಾನೆಂಬುದು ನಮ್ಮ ಆಶಯ. ಆದರೆ ಮೂರು ಕೊಂಡಿಗಳಲ್ಲಿ ಒಂದನ್ನು ಮಾತ್ರ ಸರಿಯಾಗಿ ಕಟ್ಟಿದವನಿಗೆ ಗೋಡೆಯು ಯಾವ ಕೃಪಾಂಕವನ್ನೂ ಕೊಡುವುದಿಲ್ಲ. ‘ಇನ್ನೂ’ ಎಂಬ ಪದವೂ ಅರ್ಥವತ್ತಾದುದು: ಕಲಿಯುವವನು ತಪ್ಪಿದ ಭಾಗವನ್ನು ಅಭ್ಯಾಸ ಮಾಡಿ ಮತ್ತೆ ಬರಬಹುದು. ಅಮೆರಿಕದಲ್ಲಿಯೂ ಟಿಲ್ಟ್-ಅಪ್ ಕೆಲಸದ ಮೇಲ್ವಿಚಾರಕರಿಗೆ ಕಾಂಕ್ರೀಟು ಸಂಸ್ಥೆಯ ಪ್ರಮಾಣಪತ್ರವುಂಟು. ಲಿಖಿತ ಪರೀಕ್ಷೆಯಲ್ಲಿ ಗೆದ್ದರೂ, ಸಾಕಷ್ಟು ಅನುಭವವಿಲ್ಲದವನಿಗೆ ಮೇಲ್ವಿಚಾರಕನೆಂಬ ಪದವಿ ದೊರೆಯದು.

ವರ್ಷಗಟ್ಟಲೆ ದುಡಿದು ಕಲಿತವನ ಅನುಭವವನ್ನು ಪರೀಕ್ಷಿಸಿ ಮನ್ನಿಸುವ ವ್ಯವಸ್ಥೆಯು ಆಸ್ಟ್ರೇಲಿಯದಲ್ಲಿದೆ. ಭಾರತದಲ್ಲಿ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯೂ ಇಂತಹ ಪೂರ್ವಾನುಭವಕ್ಕೆ ಪ್ರಮಾಣಪತ್ರ ನೀಡುವ ಕ್ರಮವನ್ನು ಒಳಗೊಂಡಿತು. ಶಾಲೆಯ ಮೆಟ್ಟಿಲನ್ನು ಹತ್ತದಿದ್ದರೂ ಮಟ್ಟಗೋಲು, ತೂಗುಗುಂಡುಗಳ ಮರ್ಮವನ್ನು ಬಲ್ಲ ಮೇಸ್ತ್ರಿಗಳಿರುವ ನಮ್ಮ ದೇಶಕ್ಕೆ ಇದು ತಕ್ಕುದಾದ ಕ್ರಮವೇ ಸರಿ.

ಬಲ, ಸನ್ನೆ, ಗುರುತ್ವಕೇಂದ್ರ, ವಾಯುವಿನ ಒತ್ತಡ ಇವು ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳು. ಎದ್ದು ನಿಲ್ಲುತ್ತಿರುವ ಗೋಡೆಯಲ್ಲಿ ಅವೆಲ್ಲವೂ ಏಕಕಾಲದಲ್ಲಿ, ಕೆಲವೇ ನಿಮಿಷಗಳಲ್ಲಿ ಬರುತ್ತವೆ; ಅವುಗಳಿಗೆ ಉತ್ತರವನ್ನು ಕೆಲವು ದಿನಗಳ ಹಿಂದೆ, ಕಾಂಕ್ರೀಟು ಇನ್ನೂ ಹಸಿಯಾಗಿದ್ದಾಗಲೇ, ಕೆಲಸಗಾರನು ಬರೆದು ಮುಗಿಸಿರಬೇಕು.